ತೊಟ್ಟಿಯಲ್ಲಿ ರಾತ್ರಿಯಿಡೀ ದುಡಿಯುವವರು

ಡಿಸೆಂಬರ್–ಜನವರಿಯಲ್ಲಿ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ಬಸ್ಸು ಹತ್ತಿದರೆ ಕಿಟಕಿಯಿಂದ ಒಂದು ವಾಸನೆ ಬರುತ್ತದೆ. ಕಳಿತ ಬಾಳೆಹಣ್ಣು, ಹುಳಿ ಮಜ್ಜಿಗೆ, ಒದ್ದೆ ಎಲೆ ಮೂರನ್ನೂ ಕಲಸಿಟ್ಟ ಹಾಗೆ. ಹೊರಗಿನಿಂದ ಬಂದವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ನಮ್ಮವರು ‘ಯಾರದೋ ತೋಟದಲ್ಲಿ ಪಲ್ಪಿಂಗ್ ನಡೀತಿದೆ’ ಎಂದು ಮಾತು ಮುಂದುವರಿಸುತ್ತಾರೆ.

ನಾನು ಈ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಸೂಕ್ಷ್ಮಜೀವಿಗಳ ಪಾಠ ಬಂದಾಗ ಮೊದಲೆಲ್ಲ ಬೋರ್ಡಿನ ಮೇಲೆ ಎರಡು ಪಟ್ಟಿ ಬರೆಯುತ್ತಿದ್ದೆ: ಉಪಕಾರಿ ಒಂದು ಕಡೆ, ಅಪಕಾರಿ ಇನ್ನೊಂದು ಕಡೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಮಾರ್ಕೂ ಬರುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, ನಮ್ಮಪ್ಪ ನೋಡ್ಕೊಳ್ಳೋ ತೊಟ್ಟೀಲಿ ಇರೋದು ಯಾವ ಪಟ್ಟೀಗೆ ಬರುತ್ತೆ?’ ಎಂದಳು. ಅವಳಪ್ಪ ಕಾಫಿ ತೋಟದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ರಾತ್ರಿ ಪಾಳಿಯವರು. ‘ಸಂಜೆ ಬಂದು ಹೇಳ್ತೀನಿ’ ಎಂದೆ, ಹೋದೆ, ಹೇಳುವ ಬದಲು ಕಲಿತು ಬಂದೆ. ಈ ಲೇಖನ ಆ ತೊಟ್ಟಿಯ ಪಕ್ಕದಿಂದಲೇ ಶುರುವಾಗುತ್ತದೆ. ವಿಜ್ಞಾನ ಓದದವರಿಗೂ ಗೊತ್ತಿರುವ ‘ಹದ’ ಎಂಬ ಒಂದು ಮಾತನ್ನು ಮಾತ್ರ ಜೊತೆಗೆ ಇಟ್ಟುಕೊಳ್ಳಿ.

ಲೋಳೆ ಬಿಡಿಸುವ ಕೆಲಸ

ಕುಯ್ದ ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕಿದರೆ ಕೆಂಪು ಸಿಪ್ಪೆ ಒಂದು ಕಡೆ, ಬೀಜ ಇನ್ನೊಂದು ಕಡೆ ಬೀಳುತ್ತದೆ. ಬೀಜವನ್ನು ಒಂದು ಹಿಡಿ ಕೈಗೆ ತೆಗೆದುಕೊಳ್ಳಿ. ಹಿಡಿದಷ್ಟೂ ಜಾರುತ್ತದೆ. ಮೇಲೊಂದು ಸಿಹಿ ಲೋಳೆಯ ಪದರ ಇದೆ. ಎಷ್ಟು ನೀರು ಸುರಿದು ತೊಳೆದರೂ ಅದು ಸುಲಭಕ್ಕೆ ಹೋಗದು. ಕಾರಣ ಪೆಕ್ಟಿನ್, ಗಿಡಗಳ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಗೋಂದು. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದೂ ಇದರಿಂದಲೇ.

ಈ ಗೋಂದನ್ನು ಬಿಡಿಸಲು ತೋಟದವರು ಬೀಜವನ್ನು ಸಿಮೆಂಟಿನ ತೊಟ್ಟಿಗೆ ತುಂಬಿ ಸುಮ್ಮನೆ ಬಿಡುತ್ತಾರೆ. ಅರೇಬಿಕಾ ಆದರೆ ಸುಮಾರು 24ರಿಂದ 36 ಗಂಟೆ. ರೋಬಸ್ಟಾದ ಲೋಳೆ ದಪ್ಪ, ಹಠಮಾರಿ. ಅದಕ್ಕೆ 72 ಗಂಟೆಯವರೆಗೂ ಹಿಡಿಯಬಹುದು. ಆ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಲೋಳೆಯ ಸಕ್ಕರೆ ತಿಂದು ಕೋಟಿಗಟ್ಟಲೆ ಬೆಳೆಯುತ್ತವೆ. ಅವು ಬಿಡುವ ಕಿಣ್ವಗಳು, ಜೊತೆಗೆ ಹಣ್ಣಿನಲ್ಲೇ ಇದ್ದ ಕಿಣ್ವಗಳು ಪೆಕ್ಟಿನ್ನಿನ ಉದ್ದನೆಯ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಕತ್ತರಿಸುತ್ತವೆ. ಜೊತೆಜೊತೆಗೆ ಆಮ್ಲ ಹುಟ್ಟುತ್ತದೆ. ತೊಟ್ಟಿ ಹುಳಿಯಾಗುತ್ತದೆ, ಮುಟ್ಟಿದರೆ ಸ್ವಲ್ಪ ಬೆಚ್ಚಗಿರುತ್ತದೆ.

ಇವನ್ನು ತೊಟ್ಟಿಗೆ ತಂದು ಹಾಕಿದವರು ಯಾರು? ಯಾರೂ ಅಲ್ಲ. ಹಣ್ಣಿನ ಸಿಪ್ಪೆಯ ಮೇಲೆ, ಕುಕ್ಕೆಯಲ್ಲಿ, ಪಲ್ಪರ್‌ನ ಹಲ್ಲಿನಲ್ಲಿ, ನೀರಿನಲ್ಲಿ, ಕುಯ್ದವರ ಬೆರಳಿನಲ್ಲಿ ಅವು ಮೊದಲೇ ಇದ್ದವು. ಅವಕ್ಕೆ ಊಟ ಸಿಕ್ಕಿದ್ದು ಮಾತ್ರ ಈಗ.

ಹುಡುಗಿಯ ಅಪ್ಪ ನನಗೆ ಎರಡು ಪರೀಕ್ಷೆ ತೋರಿಸಿದರು. ಒಂದು ಕೋಲನ್ನು ತೊಟ್ಟಿಯ ರಾಶಿಗೆ ಚುಚ್ಚಿ ಮೇಲಕ್ಕೆಳೆದರು. ತೂತು ಮುಚ್ಚಿಕೊಂಡರೆ ಲೋಳೆ ಇನ್ನೂ ಇದೆ. ತೂತು ಹಾಗೇ ನಿಂತರೆ ಹದ ಬಂದಿದೆ. ಎರಡನೆಯದು, ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜುವುದು. ಜಾರುವುದು ನಿಂತು, ಹೊಳೆಯ ಸಣ್ಣ ಹರಳು ಉಜ್ಜಿದಂತೆ ಗರಗರ ಸದ್ದು ಬರಬೇಕು. ‘ಗಡಿಯಾರ ನೋಡಿ ತೊಳೆಯೋಕೆ ಆಗಲ್ಲ ಸಾರ್. ಚಳಿ ಜಾಸ್ತಿ ಇದ್ದ ರಾತ್ರಿ ನಿಧಾನ, ಮೋಡ ಮುಚ್ಚಿ ಬೆಚ್ಚಗಿದ್ದ ದಿನ ಬೇಗ’ ಎಂದರು. ಉಷ್ಣತೆ ಏರಿದರೆ ಸೂಕ್ಷ್ಮಜೀವಿಗಳ ಚಟುವಟಿಕೆ ಏರುತ್ತದೆ ಎಂದು ನಾನು ಬೋರ್ಡಿನಲ್ಲಿ ಬರೆಯುವುದು ಇದನ್ನೇ.

ಇವು ಯಾರು, ಎಷ್ಟು ದೊಡ್ಡವು

ಸೂಕ್ಷ್ಮಜೀವಿ ಎಂಬುದು ಒಂದು ಜಾತಿಯ ಹೆಸರಲ್ಲ. ಬರಿಗಣ್ಣಿಗೆ ಬಿಡಿಯಾಗಿ ಕಾಣದ ಹಲವು ಬಗೆಯವಕ್ಕೆಲ್ಲ ಸೇರಿಸಿ ಇಟ್ಟ ಹೆಸರು. ನಮ್ಮ ಪರಿಚಯಕ್ಕೆ ನಾಲ್ಕು ಗುಂಪು ಸಾಕು.

ಬ್ಯಾಕ್ಟೀರಿಯಾ ಒಂದೇ ಕೋಶದ ಜೀವಿ. ಒಂದು ಮಿಲಿಮೀಟರ್ ಉದ್ದದಲ್ಲಿ ಐನೂರರಿಂದ ಸಾವಿರ ಸಾಲಾಗಿ ನಿಲ್ಲಬಲ್ಲವು. ಶಿಲೀಂಧ್ರಗಳಲ್ಲಿ ಯೀಸ್ಟ್ ಬಿಡಿ ಕೋಶ, ಬೂಸ್ಟು ಎಳೆ ಎಳೆಯಾಗಿ ಹಬ್ಬುವಂಥದ್ದು. ಪ್ರೊಟೊಜೋವಾ ಮೂರನೆಯದು, ಒಂದು ಕಾಲದಲ್ಲಿ ಮಲೆನಾಡನ್ನು ನಡುಗಿಸಿದ ಮಲೇರಿಯಾಕ್ಕೆ ಕಾರಣವಾದ ಜೀವಿ ಈ ಗುಂಪಿನದು. ನಾಲ್ಕನೆಯದು ವೈರಸ್. ಅದು ಬ್ಯಾಕ್ಟೀರಿಯಾಕ್ಕಿಂತಲೂ ಬಹಳ ಚಿಕ್ಕದು. ತಾನಾಗಿ ತಿನ್ನದು, ತಾನಾಗಿ ಬೆಳೆಯದು. ಇನ್ನೊಂದು ಜೀವಕೋಶದ ಒಳಹೊಕ್ಕು, ಅಲ್ಲಿನ ಯಂತ್ರದಿಂದಲೇ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ಈ ವ್ಯತ್ಯಾಸ ನೆನಪಿರಲಿ, ಔಷಧದ ಮಾತು ಬಂದಾಗ ಬೇಕಾಗುತ್ತದೆ.

ಇವುಗಳ ಬಲ ಗಾತ್ರದಲ್ಲಿಲ್ಲ, ಸಂಖ್ಯೆಯಲ್ಲಿದೆ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಗಂಟೆಯಲ್ಲಿ 30 ಸಲ ಇಮ್ಮಡಿಸಿದರೆ ಲೆಕ್ಕ 107 ಕೋಟಿ ದಾಟುತ್ತದೆ. ರಾತ್ರಿ ಮಲಗುವಾಗ ಒಂದು, ಬೆಳಿಗ್ಗೆ ಏಳುವಾಗ ನೂರು ಕೋಟಿ! ಪುಣ್ಯಕ್ಕೆ ಊಟ ಮುಗಿಯುವುದು, ಆಮ್ಲ ಹೆಚ್ಚುವುದು, ಚಳಿ, ಒಣಗು ಎಲ್ಲ ಸೇರಿ ಲಗಾಮು ಹಾಕುತ್ತವೆ. ಹದ ಹಿಡಿಯುವುದೆಂದರೆ ಈ ಲಗಾಮನ್ನು ಸರಿಯಾದ ಹೊತ್ತಿಗೆ ಎಳೆಯುವುದು.

ಅಡಿಗೆಮನೆಯಲ್ಲಿ

ತೋಟವಿಲ್ಲದವರ ಮನೆಯಲ್ಲೂ ತೊಟ್ಟಿ ಇರುತ್ತದೆ, ಅದರ ಹೆಸರು ಮೊಸರಿನ ಪಾತ್ರೆ. ಹಾಲಿಗೆ ಒಂದು ಚಮಚ ಹೆಪ್ಪು ಬಿಟ್ಟಾಗ ನಾವು ಬಿಡುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳನ್ನು. ಅವು ಹಾಲಿನ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲಕ್ಕೆ ಹಾಲಿನ ಪ್ರೋಟೀನ್ ಗಟ್ಟಿಯಾಗುತ್ತದೆ. ಕುದಿವ ಹಾಲಿಗೆ ಹೆಪ್ಪು ಬಿಟ್ಟರೆ ಅವು ಬೆಂದು ಸಾಯುತ್ತವೆ. ಆಷಾಢದ ಮಳೆಯಲ್ಲಿ ತಣ್ಣನೆ ಹಾಲಿಗೆ ಬಿಟ್ಟರೆ ಮುದುಡಿ ಕೂರುತ್ತವೆ. ಅದಕ್ಕೇ ನಮ್ಮ ಅಜ್ಜಿಯರು ಮಳೆಗಾಲದಲ್ಲಿ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ದಂಡೆಯಲ್ಲಿ ಇಡುತ್ತಿದ್ದರು. ಇಡ್ಲಿ ಹಿಟ್ಟಿನಲ್ಲೂ ಹೀಗೆಯೇ. ಹೊರಗಿನಿಂದ ಏನೂ ಹಾಕದಿದ್ದರೂ ಉದ್ದು, ಅಕ್ಕಿಯ ಜೊತೆ ಬಂದ ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು ಆಮ್ಲದ ಜೊತೆ ಗಾಳಿಯನ್ನೂ ಬಿಡುತ್ತವೆ. ಉದ್ದಿನ ಅಂಟು ಆ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡು ಹಿಟ್ಟು ಉಬ್ಬುತ್ತದೆ.

ಇನ್ನು ಲಗಾಮು ಬಿಗಿಯಾಗಿ ಎಳೆದಿಡುವ ಕಲೆ. ಮಿಡಿಮಾವಿಗೆ ಉಪ್ಪು ಸುರಿದು ಭರಣಿಗೆ ತುಂಬುತ್ತೇವೆ. ಉಪ್ಪು ಸೂಕ್ಷ್ಮಜೀವಿಗಳಿಗೆ ನೀರು ಸಿಗದಂತೆ ಮಾಡುತ್ತದೆ. ಹಪ್ಪಳ, ಸಂಡಿಗೆಯನ್ನು ಬೇಸಿಗೆಯಲ್ಲಿ ಒಣಗಿಸುತ್ತೇವೆ. ನೀರಿಲ್ಲದ ಕಡೆ ಅವು ಬೆಳೆಯವು. ಕರೆಯುವುದಕ್ಕೆ ಬೆಚ್ಚನೆ ಮತ್ತು ತೇವ, ದೂರ ಇಡುವುದಕ್ಕೆ ಉಪ್ಪು ಮತ್ತು ಬಿಸಿಲು. ಸೂಕ್ಷ್ಮದರ್ಶಕ ನೋಡದ ಅಜ್ಜಿಗೆ ಇವೆರಡೂ ಕೈಮೇಲೆ ಗೊತ್ತಿತ್ತು.

ಹದ ಮೀರಿದಾಗ

ಮತ್ತೆ ತೊಟ್ಟಿಗೆ ಬರೋಣ. ಲೋಳೆ ಬಿಟ್ಟ ಮೇಲೂ ತೊಳೆಯದೆ ಬಿಟ್ಟರೆ, ಇಷ್ಟು ಹೊತ್ತು ಆಳಾಗಿ ದುಡಿದವೇ ಬೀಜದ ಒಳಗಿನದಕ್ಕೆ ಕೈ ಹಾಕುತ್ತವೆ. ಮೊದಲು ಹುಳಿ ಬೀಜ, ಆಮೇಲೆ ನಾತ ಬೀಜ. ಇದನ್ನು ಕಾಫಿ ರುಚಿ ನೋಡುವವರು ‘ಸ್ಟಿಂಕರ್’ ಎನ್ನುತ್ತಾರೆ. ಇಂಥ ಒಂದೇ ಬೀಜ ಬಟ್ಟಲು ಕಾಫಿಯನ್ನು ಕೆಡಿಸಬಲ್ಲದು. ಪಲ್ಪರ್‌ನ ಮೂಲೆಯಲ್ಲಿ ನಿನ್ನೆಯ ಬೀಜ ಉಳಿದುಹೋದರೂ ಇದೇ ಗತಿ. ಸಂಜೆಯೇ ಯಂತ್ರ ತೊಳೆಯಿರಿ ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟರು ಗದರುವುದು ಸುಮ್ಮನೆ ಅಲ್ಲ.

ತೊಳೆದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಕಣದಲ್ಲಿ ಹರಡಿ, ತೇವಾಂಶ ನೂರಕ್ಕೆ 10ರ ಹತ್ತಿರಕ್ಕೆ ಇಳಿಯುವವರೆಗೆ ಒಣಗಿಸಬೇಕು. ಅಷ್ಟರಲ್ಲಿ ಅಕಾಲ ಮಳೆ ಬಂದು, ಒದ್ದೆ ರಾಶಿಯ ಮೇಲೆ ಟಾರ್ಪಾಲು ಮುಚ್ಚಿ ನಾಲ್ಕು ದಿನ ಬಿಟ್ಟರೆ ಬೂಸ್ಟಿನ ಸರದಿ. ಆಸ್ಪರ್ಜಿಲಸ್ ಮನೆತನದ ಕೆಲವು ಬೂಸ್ಟುಗಳು ಓಕ್ರಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಮೂತ್ರಪಿಂಡಕ್ಕೆ ಕೆಡುಕೆಂದು ಯುರೋಪಿನ ದೇಶಗಳು ಕಾಫಿಯಲ್ಲಿ ಇದಕ್ಕೆ ಬಿಗಿಯಾದ ಮಿತಿ ಹಾಕಿವೆ. ಹಾಗಾಗಿ ನಮ್ಮ ಕಣದಲ್ಲಿ ಬೆಳೆದ ಬೂಸ್ಟು ಅಲ್ಲಿನ ಬಂದರಿನಲ್ಲಿ ಲೆಕ್ಕಕ್ಕೆ ಬರುತ್ತದೆ.

ಮೂರನೆಯದು ತೊಳೆದ ನೀರು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ; ಭದ್ರಾ ಹರಿಯುವುದು ಕಳಸದ ಪಕ್ಕದಲ್ಲಿ. ಲೋಳೆ ತುಂಬಿದ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದರಲ್ಲಿ ನೇರ ವಿಷವೇನೂ ಇಲ್ಲ, ಸಕ್ಕರೆ ಇದೆ. ಆದರೂ ಮೀನು ತೇಲುತ್ತದೆ. ಯಾಕೆ? ಹಳ್ಳದ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಅವು ತಿಂದು ಬೆಳೆಯುವ ಭರದಲ್ಲಿ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಇದಕ್ಕೆ ಪರಿಹಾರವೂ ಅವೇ. ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಇಳಿಸಿದರೆ, ಮೊದಲು ಗಾಳಿ ಬೇಡದ ಬ್ಯಾಕ್ಟೀರಿಯಾ, ಆಮೇಲೆ ಗಾಳಿ ಬೇಕಾದವು ಆ ಸಕ್ಕರೆಯನ್ನು ತಿಂದು ಮುಗಿಸುತ್ತವೆ. ಹಳ್ಳದಲ್ಲಿ ನಡೆಯುತ್ತಿದ್ದ ಊಟವೇ ಹೊಂಡದಲ್ಲಿ ನಡೆಯುತ್ತದೆ, ಮೀನು ಉಳಿಯುತ್ತದೆ.

ಮರದ ಬುಡದಲ್ಲಿ

ಮನುಷ್ಯರ ಕಾಯಿಲೆಯ ಮಾತಿಗೆ ಮೊದಲು ಗಿಡದ ಕಾಯಿಲೆ ನೋಡೋಣ, ನಮ್ಮ ಜಿಲ್ಲೆಗೆ ಅದರ ಚರಿತ್ರೆ ಇದೆ. ಮಳೆಗಾಲದಲ್ಲಿ ಕಾಫಿ ಎಲೆ ಕಪ್ಪಾಗಿ, ಶಿಲೀಂಧ್ರದ ಎಳೆಯಲ್ಲಿ ನೇತಾಡುವ ಕೊಳೆರೋಗವನ್ನು ತೋಟದವರೆಲ್ಲ ಬಲ್ಲರು. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞರು ಅದಕ್ಕೆ ಲ್ಯಾಟಿನ್ ಹೆಸರಿಡುವಾಗ ನಮ್ಮ ಪದವನ್ನೇ ಎತ್ತಿಕೊಂಡರು: ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಅಡಿಕೆಯ ಕೊಳೆರೋಗಕ್ಕೆ ಕಾರಣ ಬೇರೆ, ಫೈಟಾಫ್ತೊರಾ ಎಂಬ ಜೀವಿ. ಅದನ್ನು 1910ರ ಸುಮಾರಿಗೆ ಅಧ್ಯಯನ ಮಾಡಿ, ಮೈಲುತುತ್ತ–ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ.

ಅದೇ ತೋಟದ ಮಣ್ಣಿನಲ್ಲಿ ಕಾವಲುಗಾರರೂ ಇದ್ದಾರೆ. ಕಾಳುಮೆಣಸಿನ ಬಳ್ಳಿಯನ್ನು ಸೊರಗಿಸುವುದು ಫೈಟಾಫ್ತೊರಾದ ಇನ್ನೊಂದು ಬಗೆ. ಟ್ರೈಕೋಡರ್ಮಾ ಎಂಬ ಹಸಿರು ಶಿಲೀಂಧ್ರ ಅದನ್ನು ಸುತ್ತುಹಾಕಿ, ಊಟ ಕಸಿದು ಹಿಮ್ಮೆಟ್ಟಿಸುತ್ತದೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಅದನ್ನು ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು ಬೆಳೆಸಿ ಬಳ್ಳಿಯ ಬುಡಕ್ಕೆ ಹಾಕುವುದನ್ನು ನೀವು ನೋಡಿರಬಹುದು. ಕಾಯಿಕೊರಕ ತೂತು ಮಾಡಿದ ಕಾಫಿ ಹಣ್ಣಿನ ಬಾಯಲ್ಲಿ ಹತ್ತಿಯ ಚೂರು ಸಿಕ್ಕಿಕೊಂಡಂತೆ ಬೆಳ್ಳಗೆ ಕಂಡರೆ ಒರೆಸಬೇಡಿ. ಬ್ಯುವೇರಿಯಾ ಎಂಬ ಶಿಲೀಂಧ್ರ ಆ ಹುಳವನ್ನು ಕೊಂದು ಅದರ ಮೈಮೇಲೆ ಬೆಳೆದ ಗುರುತು ಅದು.

ಮಕ್ಕಳಿಗೆ ನಾನು ತಪ್ಪದೆ ತೋರಿಸುವ ಇನ್ನೊಂದಿದೆ. ನೆರಳಿಗೆ ನೆಟ್ಟ ಹಾಲುವಾಣದ ಎಳೆಬೇರನ್ನು ಮೆಲ್ಲಗೆ ಬಿಡಿಸಿದರೆ ಸಾಸಿವೆ–ಕಡಲೆಯ ಗಾತ್ರದ ಗಂಟುಗಳು ಸಿಗುತ್ತವೆ. ಬ್ಲೇಡಿನಿಂದ ಒಂದನ್ನು ಸೀಳಿ. ಒಳಗೆ ನಸುಗೆಂಪು! ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟಸ್ತಿಕೆಯ ವಸ್ತುವೊಂದು ಆ ಬಣ್ಣ ಕೊಡುತ್ತದೆ. ಅಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಗೊಬ್ಬರವಾಗಿ ಕೊಡುತ್ತದೆ. ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತದೆ. ಹಾಲುವಾಣದ ಸೊಪ್ಪು ಉದುರಿದಾಗ ಆ ಗೊಬ್ಬರದ ಪಾಲು ಕಾಫಿ ಗಿಡಕ್ಕೂ ಸಿಗುತ್ತದೆ.

ಮೈಯೊಳಗೆ

ನಮ್ಮ ಮೈಯೂ ಒಂದು ತೊಟ್ಟಿಯೇ. ವಿಜ್ಞಾನಿಗಳ ಅಂದಾಜಿನಂತೆ ಒಬ್ಬ ವಯಸ್ಕರಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ಹೆಚ್ಚಿನವು ದೊಡ್ಡ ಕರುಳಿನಲ್ಲಿ. ಎಲ್ಲ ಸೇರಿಸಿ ತೂಗಿದರೆ ಕಾಲು ಕಿಲೋ ಕೂಡ ಇಲ್ಲ. ನಾವು ಅರಗಿಸಲಾಗದ ಸೊಪ್ಪು, ಕಾಳಿನ ನಾರನ್ನು ಅವು ಅರಗಿಸುತ್ತವೆ, ಕೆಲವು ವಿಟಮಿನ್ ತಯಾರಿಸುತ್ತವೆ, ಹೊರಗಿನಿಂದ ಬಂದ ಕೆಡುಕರಿಗೆ ಜಾಗ ಬಿಡುವುದಿಲ್ಲ. ಆದರೆ ಕರುಳಿನಲ್ಲಿ ಸಾಧುವಾಗಿರುವ ಅದೇ ಬ್ಯಾಕ್ಟೀರಿಯಾ ಮೂತ್ರಕೋಶ ಸೇರಿದರೆ ಉರಿಮೂತ್ರ, ಜ್ವರ. ಹದದಲ್ಲಿ ಹೊತ್ತಿನಷ್ಟೇ ಜಾಗವೂ ಮುಖ್ಯ.

ಕೆಲವು ಮಾತ್ರ ಮನುಷ್ಯನಿಗೆ ಯಾವ ಹದದಲ್ಲೂ ಒಗ್ಗುವುದಿಲ್ಲ. ಮಲೆನಾಡಿನವರು ತಿಳಿದಿರಬೇಕಾದ ಎರಡು ಜ್ವರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ.

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಅದಕ್ಕೆ ಇವತ್ತಿಗೂ ಕ್ಯಾಸನೂರಿನದೇ ಹೆಸರು. ಕಾರಣ ಒಂದು ವೈರಸ್, ಹರಡುವುದು ಉಣುಗು. ಮಂಗಗಳೂ ಅದಕ್ಕೆ ಬಲಿಯಾಗುತ್ತವೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಜಾಗವನ್ನೇ ಅಪಾಯದ ತಾಣ ಮಾಡುತ್ತವೆ. ಡಿಸೆಂಬರಿನಿಂದ ಮೇವರೆಗೆ, ಸಣ್ಣ ಮರಿ ಉಣುಗುಗಳು ಹೆಚ್ಚಿರುವಾಗ, ಸೌದೆ–ದರಗಿಗೆ ಕಾಡಿಗೆ ಹೋದವರಿಗೆ ಅಂಟುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯಬಹುದು.

ಇಲಿ ಜ್ವರಕ್ಕೆ ಕಾರಣ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಇಲಿ, ದನಗಳ ಮೂತ್ರ ಬೆರೆತ ಗದ್ದೆಯ ಕೆಸರು, ಕಾಲುವೆ ನೀರಿನಿಂದ ಕಾಲಿನ ಬಿರುಕು, ಗಾಯಗಳ ಮೂಲಕ ಒಳಸೇರುತ್ತದೆ.

ಶುರುವಿನಲ್ಲಿ ಎರಡರಲ್ಲೂ ಜ್ವರ, ತಲೆನೋವು, ಮೈಕೈ ಮುರಿತ. ನೋಡಿದರೆ ಒಂದೇ. ಚಿಕಿತ್ಸೆ ಮಾತ್ರ ಬೇರೆ. ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಆಂಟಿಬಯಾಟಿಕ್ ಬೇಗ ಕೊಟ್ಟರೆ ಗುಣವಾಗುತ್ತದೆ. ಮಂಗನ ಕಾಯಿಲೆಗೆ ಅವು ನಾಟುವುದಿಲ್ಲ. ಆಂಟಿಬಯಾಟಿಕ್ ಹೊಡೆಯುವುದು ಬ್ಯಾಕ್ಟೀರಿಯಾದ ಗೋಡೆಗೋ, ಅದರ ಪ್ರೋಟೀನ್ ಮಾಡುವ ಯಂತ್ರಕ್ಕೋ. ವೈರಸ್‌ಗೆ ಅವೆರಡೂ ಇಲ್ಲವಲ್ಲ, ಅದು ನಮ್ಮ ಕೋಶದ ಯಂತ್ರವನ್ನೇ ಬಳಸುವಂಥದ್ದು. ಮಂಗನ ಕಾಯಿಲೆಯಲ್ಲಿ ನೀರು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಮೈಯನ್ನು ಕಾಯುವ ಆರೈಕೆಯೇ ಚಿಕಿತ್ಸೆ. ಅದಕ್ಕೇ ಅಂಗಡಿಯಿಂದ ಮಾತ್ರೆ ತಂದು ನುಂಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೇ ತಿಳಿಸಿ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ.

ನೆಗಡಿಗೆಲ್ಲ ಆಂಟಿಬಯಾಟಿಕ್ ನುಂಗಿದರೆ ಕರುಳಿನ ಸಾಧುಗಳು ಸಾಯುತ್ತವೆ, ಔಷಧಕ್ಕೆ ಬಗ್ಗದವು ಉಳಿದು ಬೆಳೆಯುತ್ತವೆ. ನಾಳೆ ನಿಜವಾದ ಕಾಯಿಲೆ ಬಂದಾಗ ಅದೇ ಮಾತ್ರೆ ಕೆಲಸ ಮಾಡದೆ ಹೋಗಬಹುದು.

ಕಾರ್ಖಾನೆಯಲ್ಲಿ

ಆಂಟಿಬಯಾಟಿಕ್ ಕೂಡ ಸೂಕ್ಷ್ಮಜೀವಿಗಳದೇ ಕೊಡುಗೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯಲ್ಲಿ ಒಂದು ಬೂಸ್ಟು ಬಿದ್ದು, ಅದರ ಸುತ್ತ ಬ್ಯಾಕ್ಟೀರಿಯಾ ಇಲ್ಲವಾದದ್ದನ್ನು ಗಮನಿಸಿದರು. ಪೆನಿಸಿಲಿನ್ ಸಿಕ್ಕಿದ್ದು ಹಾಗೆ. ಬೂಸ್ಟು ಹಿಡಿದ ತಟ್ಟೆಯನ್ನು ಬಿಸಾಡದೆ ನೋಡಿದ್ದು ಅವರ ದೊಡ್ಡತನ.

ಕಾರ್ಖಾನೆಗಳಲ್ಲಿ ನಡೆಯುವುದೂ ನಮ್ಮ ತೊಟ್ಟಿಯ ಕೆಲಸವೇ. ತೊಟ್ಟಿ ಉಕ್ಕಿನದು, ಸೂಕ್ಷ್ಮಜೀವಿ ಆರಿಸಿದ ಒಂದೇ ಬಗೆಯದು, ಬಿಸಿ–ಹುಳಿ–ಗಾಳಿಯನ್ನು ಯಂತ್ರ ಅಳೆಯುತ್ತದೆ, ಅಷ್ಟೇ ವ್ಯತ್ಯಾಸ. ಶರಬತ್ತು, ಜಾಮುಗಳಿಗೆ ಹಾಕುವ ಸಿಟ್ರಿಕ್ ಆಮ್ಲದ ಬಹುಪಾಲು ನಿಂಬೆಹಣ್ಣಿನಿಂದ ಬರುವುದಲ್ಲ, ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಸ್ಟಿನಿಂದ. ಕಣದಲ್ಲಿ ಕಾಫಿಗೆ ವಿಷ ಬಿಡುವುದೂ ಇದೇ ಮನೆತನ ಎಂದು ಆಗಲೇ ಹೇಳಿದೆ. ತೊಟ್ಟಿಯಲ್ಲಿ ಲೋಳೆ ಬಿಡಿಸಿದಂಥ ಪೆಕ್ಟಿನ್ ಕತ್ತರಿಸುವ ಕಿಣ್ವವನ್ನು ಇದೇ ಬೂಸ್ಟಿನಿಂದ ತೆಗೆದು ಹಣ್ಣಿನ ರಸ ತಿಳಿ ಮಾಡಲು ಬಳಸುತ್ತಾರೆ.

ಯೀಸ್ಟಿನದೂ ಒಂದು ಕಥೆ ಇದೆ. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವಗಳಿಂದ ವ್ಯಾಪಾರ ಶುರುಮಾಡಿದ ಬಯೋಕಾನ್, 2004ರಲ್ಲಿ ಪಿಚಿಯಾ ಎಂದು ಹೆಸರಾದ ಯೀಸ್ಟಿನಲ್ಲಿ ಮನುಷ್ಯರ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಮೊದಲು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯಬೇಕಾಗಿದ್ದ ಔಷಧಿ ಅದು. ಇನ್ಸುಲಿನ್ ಮಾಡುವ ಸೂಚನೆಯನ್ನು ಯೀಸ್ಟಿನ ಕೋಶಕ್ಕೆ ಸೇರಿಸಿದರೆ, ಅದು ತನ್ನ ಪಾಡಿಗೆ ತಿನ್ನುತ್ತಾ, ಬೆಳೆಯುತ್ತಾ ಅದನ್ನು ತಯಾರಿಸುತ್ತಾ ಹೋಗುತ್ತದೆ. ಪಿಚಿಯಾ ಹೆಸರಿನ ಹಲವು ಯೀಸ್ಟುಗಳು ಕಾಫಿ ತೊಟ್ಟಿಯಲ್ಲೂ ಸಿಗುತ್ತವೆ.

ಹುಡುಗಿಯ ಪಟ್ಟಿ

ತೊಟ್ಟಿ ನೋಡಿ ಬಂದ ಮರುದಿನ ನಾನು ಬೋರ್ಡಿನ ಎರಡು ಪಟ್ಟಿಯನ್ನು ಅಳಿಸಿ, ನಾಲ್ಕು ಕಾಲಂ ಎಳೆದೆ: ಯಾರು, ಎಲ್ಲಿ, ಎಷ್ಟು ಹೊತ್ತು, ಎಷ್ಟು ತೇವ. ನೀವೂ ಒಂದು ವಾರ ಇದನ್ನು ಬರೆದು ನೋಡಿ. ಶುರುವಿಗೆ ಮೂರು ಬಟ್ಟಲು ಹಾಲು ಕಾಯಿಸಿ ಆರಿಸಿ. ಒಂದಕ್ಕೆ ಹೆಪ್ಪು ಬಿಟ್ಟು ಒಲೆಯ ಪಕ್ಕ ಇಡಿ, ಇನ್ನೊಂದಕ್ಕೆ ಹೆಪ್ಪು ಬಿಟ್ಟು ಜಗಲಿಯ ಚಳಿಗೆ ಇಡಿ, ಮೂರನೆಯದಕ್ಕೆ ಏನೂ ಬಿಡಬೇಡಿ. ಎರಡು ಗಂಟೆಗೊಮ್ಮೆ ಬಟ್ಟಲು ಓರೆ ಮಾಡಿ ನೋಡಿ, ಗಂಟೆ ಬರೆದಿಡಿ. ಮೊದಲೆರಡರ ನಡುವೆ ಎಷ್ಟು ಗಂಟೆ ವ್ಯತ್ಯಾಸ ಬಂತು ಎಂಬುದೇ ನಿಮ್ಮ ಮೊದಲ ಪಾಠ. ಮೂರನೆಯದನ್ನು ಮೂಸಿ ನೋಡಿ ಸಾಕು, ಕುಡಿಯಬೇಡಿ.

ಆ ಹುಡುಗಿ ತನ್ನ ಪುಸ್ತಕದಲ್ಲಿ ತೊಟ್ಟಿಯ ಮುಂದೆ ಹೀಗೆ ಬರೆದಿದ್ದಳು: ‘30 ಗಂಟೆವರೆಗೆ ನಮ್ಮ ಕೆಲಸದವರು. ಆಮೇಲೆ ಅಪ್ಪನಿಗೆ ಬೈಗುಳ.’ ನಾನು ಪೂರ್ತಿ ಮಾರ್ಕು ಕೊಟ್ಟೆ.